ಕಾರು ಲಿಂಗಸುಗೂರಿನಲ್ಲಿ, ಎಂಜಿನ್ ಜವಳಗೇರಾದಲ್ಲಿ

ಮೊನ್ನೆ ರಾಯಚೂರಿನ ನಮ್ಮ ರೂಮಿನಲ್ಲಿ ಸಿಲಿಂಡರ್ ಖಾಲಿಯಾಯಿತು. ಹೊಸದಕ್ಕೆ ರೆಗ್ಯುಲೇಟರ್ ಕೂಡಿಸಲು ಹೋದ ಗೆಳೆಯ ಕೈ ತಪ್ಪಿ ಬುಸ್ಸೆಂದು ಒಂದಿಷ್ಟು ಗ್ಯಾಸ್ ಬಿಟ್ಟ. ಎಲ್ಲರೂ ಮೂಗು ಹಿಡಿದು ಹೊರಗೆ ಓಡಿದರು. ನಾನೊಬ್ಬ ಅಲ್ಲೇ ನಿಂತು ಉಸಿರೆಳೆದುಕೊಂಡೆ.

"ಸಾಯಾಕ ನಮ್ಮ ರೂಮೇ ಬೇಕಾಗಿತ್ತೇನಲೇ ನಿನಗ?" ಎಂದು ಅವನು ಹೊರಗಿನಿಂದಲೇ ಕೂಗಿದ.

ಅವನಿಗೆ ಅದು ಗ್ಯಾಸಿನ ವಾಸನೆ. ನನಗೆ ಅದು ಜರ್ಮನಿಯಿಂದ ಹಡಗಿನಲ್ಲಿ ಬಂದ ಕಾರಿನ ವಾಸನೆ. ಹೋದ ವರ್ಷದ ಬೇಸಿಗೆಯ ವಾಸನೆ. ಇದನ್ನು ಹೇಳಿದರೆ ಅವನು ನಂಬುವುದಿಲ್ಲ. ನಾನು ಹೇಳಿದ್ದನ್ನು ಯಾರೂ ನಂಬುವುದಿಲ್ಲ, ಆ ಮಟ್ಟಿಗೆ ಹೆಸರು ಮಾಡಿದ್ದೇನೆ.

ಲಿಂಗಸುಗೂರಿನಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಆ ಕಾರು ಇತ್ತು. ಪಿಯುಸಿಗೆ ಸೇರಿದ ಮೊದಲ ವಾರ ಅದು ಹೈದರಾಬಾದಿನ ಒಬ್ಬ ನವಾಬನದು ಎಂದು ಹೇಳಿದ್ದೆ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಆ ನವಾಬನೇ ನಡೆದುಕೊಂಡು ಬಂದು ಅಜ್ಜನ ಕೈಗೆ ಕೀಲಿ ಕೊಟ್ಟು, ಕಣ್ಣೊರೆಸಿಕೊಂಡು ಬಸ್ ಹತ್ತಿ ಹೋಗಿದ್ದ. ನಿಜ ಏನೆಂದರೆ, ಹತ್ತಿರದ ಚಿನ್ನದ ಗಣಿಗೆ ಯಂತ್ರ ಕೂಡಿಸಲು ಒಬ್ಬ ಜರ್ಮನ್ ಎಂಜಿನಿಯರ್ ಬಂದಿದ್ದ. ಊಟಕ್ಕೆ ಏನು ಕೊಟ್ಟರೂ ತಿನ್ನುತ್ತಿದ್ದ, ಕಾರು ಮಾತ್ರ ತನ್ನದೇ ಬೇಕು ಎಂದು ತನ್ನ ದೇಶದಿಂದ ತರಿಸಿಕೊಂಡಿದ್ದ. ನಮ್ಮ ಅಜ್ಜ ಅವನ ಡ್ರೈವರ್. ಕೆಲಸ ಮುಗಿದು ವಾಪಸ್ ಹೋಗುವಾಗ ಅವನು ಕಾರನ್ನು ಅಜ್ಜನಿಗೇ ಬಿಟ್ಟುಹೋದ. ನಮ್ಮ ಓಣಿಯವನ ಮನೆ ಮುಂದೆ ಅಂಥ ಕಾರು ನಿಂತದ್ದು ಊರಿನ ದೊಡ್ಡವರಿಗೆ ಸರಿ ಬರಲಿಲ್ಲ. ಕೊಟ್ಟುಬಿಡು ಎಂದು ಹೇಳಿ ಕಳಿಸಿದರಂತೆ. "ಸಾಹೇಬ ನನಗ ಕೊಟ್ಟಾನ್ರಿ, ನಿಮಗಲ್ಲ" ಎಂದು ಅಜ್ಜ ಹೇಳಿ ಕಳಿಸಿದನಂತೆ.

ಹೊರಗಿನಿಂದ ನೋಡಿದರೆ ಅದು ಏನೂ ಅಲ್ಲ. ಕೆನೆ ಬಣ್ಣ, ನಾಲ್ಕು ಬಾಗಿಲು, ಪೆನ್ಷನ್ ಹತ್ತಿರ ಬಂದ ಗುಮಾಸ್ತನ ಮುಖ. ಆದರೆ ಅಲ್ಲಿಯ ಕಾರ್ಖಾನೆಯವರು ಸಾದಾ ಕಾರುಗಳ ಸಾಲಿನಿಂದ ಕೆಲವನ್ನೇ ಆರಿಸಿ, ಅವುಗಳ ಹೊಟ್ಟೆಯೊಳಗೆ ಆರು ಸಿಲಿಂಡರಿನ ದೊಡ್ಡ ಎಂಜಿನ್ ಇಟ್ಟು, ಕೈಯಿಂದ ಹದ ಮಾಡಿ, ಸ್ಪ್ರಿಂಗು ಬಿಗಿ ಮಾಡಿ, ಹಿಂದೆ ಹೆಸರಿನ ಪಟ್ಟಿಯನ್ನೂ ಹಚ್ಚದೆ ಕಳಿಸುತ್ತಿದ್ದರಂತೆ. ನಿಂತಾಗ ಗೊತ್ತಾಗಬಾರದು, ಪಕ್ಕದಿಂದ ಹಾದು ಹೋದಾಗ ಗೊತ್ತಾಗಬೇಕು. ನನಗೆ ಪೂರ್ತಿ ತದ್ವಿರುದ್ಧ. ನಾನು ಒಳಗೆ ಏನೂ ಇಲ್ಲದೆ ಹೊರಗೆ ಎಲ್ಲ ಹಚ್ಚಿಕೊಂಡು ತಿರುಗುವವನು.

ಸ್ಟಿಯರಿಂಗ್ ಎಡಗಡೆ ಇತ್ತು. ಅಪ್ಪ ಎಡಕ್ಕೆ ಕೂತು ಓಡಿಸುವಾಗ ನಾನು ಬಲಗಡೆ ಸೀಟಿನಲ್ಲಿ ಊಟದ ತಾಟು ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದೆ. ಎದುರಿನಿಂದ ಬಂದ ಲಾರಿಯವರು ಆರು ವರ್ಷದ ಪೋರ ಕಾರು ಹೊಡೆಯುವುದನ್ನು ಕಂಡು ಹೊಲಕ್ಕೆ ಇಳಿಸಿದ್ದಾರೆ. ಎಷ್ಟು ಲಾರಿ ಎಂದು ಕೇಳಬೇಡಿ, ನನ್ನ ಲೆಕ್ಕ ವರ್ಷವರ್ಷಕ್ಕೆ ಬೆಳೆಯುತ್ತದೆ.

ಒಂದೇ ಕೊರತೆ, ಆ ಹೊಟ್ಟೆಯಲ್ಲಿ ಆ ಎಂಜಿನ್ನೇ ಇರಲಿಲ್ಲ. ಅದು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ ಎಂದು ಅಜ್ಜ ಬಹಳ ಹಿಂದೆಯೇ ಅದನ್ನು ಇಳಿಸಿ ಜೀಪಿನ ಡೀಸೆಲ್ ಎಂಜಿನ್ ಕೂಡಿಸಿದ್ದ. ನಮ್ಮ ಕಡೆ ಆಗ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಸ್ಪೀಡೋಮೀಟರಿನಲ್ಲಿ ಇನ್ನೂರ ನಲವತ್ತರ ತನಕ ಬರೆದಿತ್ತು. ಮುಳ್ಳು ಐವತ್ತನ್ನು ಕಂಡರೆ ಬೆದರಿ ಹಿಂದಕ್ಕೆ ಬರುತ್ತಿತ್ತು. ಮಸ್ಕಿ ಏರಿನಲ್ಲಿ ಎಮ್ಮೆಗಳು ಹಿಂದಿನಿಂದ ಹಾರ್ನ್ ಹೊಡೆಯಲಿಲ್ಲ, ಅಷ್ಟೇ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ, ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ಅಪ್ಪ ಹೋದ. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪಾಠ ಮಾಡುತ್ತ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಮಕ್ಕಳು ಮಾಸ್ತರು ಏನೋ ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕೂತಿದ್ದರಂತೆ.

ನನಗೆ ಏನೂ ಅನಿಸಲಿಲ್ಲ. ಬಸ್ಸಿನ ಟೈರಿನ ಮೇಲಿನ ಸೀಟಿನಲ್ಲಿ ಮಡಚಿಕೊಂಡು ಸಿಂಧನೂರಿನ ತನಕ ಕೂತು ಇಳಿದರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ. ಕಾಲು ಇದೆ, ನೆಲ ಮುಟ್ಟಿದೆ, ಆದರೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಜನ ಬಂದು ತಬ್ಬಿಕೊಂಡು ಅತ್ತರು. ಅವರ ಭುಜದ ಮೇಲಿನಿಂದ ನಾನು ಗೋಡೆಯ ಹಲ್ಲಿಯನ್ನು ನೋಡುತ್ತಿದ್ದೆ. ಆ ವಾರವೇ ಕಾಲೇಜಿಗೆ ಹೋಗಿ ಹೊಸ ಜೋಕು ಹೇಳಿದೆ. ಎಲ್ಲರೂ ನಕ್ಕರು. ನಗಿಸುವಾಗ ಏನೂ ಅನಿಸಬೇಕಾಗಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಅವ್ವ ಬೇರೆ ಥರ. ಅವಳು ಹಿತ್ತಲ ಬಾಗಿಲು ಹಾಕಿದವಳು ತೆಗೆಯಲೇ ಇಲ್ಲ. ಬಟ್ಟೆಯನ್ನೂ ಮುಂದಿನ ಅಂಗಳದಲ್ಲಿ ಒಣಹಾಕತೊಡಗಿದಳು.

"ಆ ಗಾಡಿ ಮನ್ಯಾಗ ಇರಬಾರದು" ಎಂದಳು ಒಂದು ದಿನ.

"ಅಪ್ಪನ ಗಾಡಿ ಬೇ ಅದು."

"ಅದಕ್ಕ ಹೇಳಾಕತ್ತೀನಿ."

ನನಗೆ ಆ ಕಾರು ಹೋಗಬಾರದಿತ್ತು. ದಿನಾ ಕಾಲೇಜಿನಿಂದ ಬಂದು ಅದರ ಬಲಗಡೆ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅಲ್ಲೂ ಏನೂ ಅನಿಸುತ್ತಿರಲಿಲ್ಲ. ಆದರೆ ಎಂದಾದರೂ ಅನಿಸುವುದಿದ್ದರೆ ಅಲ್ಲೇ ಅನಿಸಬೇಕು ಎಂಬುದೊಂದು ನಂಬಿಕೆ.

ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಒಬ್ಬ ಸಾಹೇಬರು ಕಾರು ಕೊಳ್ಳಲು ಬಂದರು. ಮೂಲ ರಾಯಚೂರಿನವರು, ಹಳೆಯ ಕಾರು ಕೂಡಿಹಾಕುವ ಹುಚ್ಚು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಕುರ್ತಾ. ನಾನು ನವಾಬನ ಕಥೆ ಶುರುಮಾಡಿದೆ. ಅವರು ಕೈ ಎತ್ತಿ, "ಬೇಟಾ, ನವಾಬರ ಕಥೆ ಆಮೇಲೆ ಹೇಳು. ಮೊದಲು ಬಾನೆಟ್ ಎತ್ತು" ಎಂದರು.

ಎತ್ತಿದೆ. ಜೀಪಿನ ಎಂಜಿನ್ ನೋಡಿ ಅವರು ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದವರಂತೆ ಹಿಂದೆ ಸರಿದರು. ಬಾಡಿಯ ಮೇಲಿನ ತಗಡಿನ ನಂಬರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿ, ಮುಂದಿನ ಅಂಗಳಕ್ಕೆ ಬಂದು ಅವ್ವನಿಗೆ ಹೇಳಿದರು.

"ಗಾಡಿ ಖರೇ ಐತಿ. ಇಂಥಾವು ನಮ್ಮ ದೇಶದಾಗ ಎಷ್ಟು ಅದಾವೋ ನನಗೆ ಗೊತ್ತಿಲ್ಲ. ಆದ್ರೆ ಅಮ್ಮಾ, ಇದರ ಎಂಜಿನ್ ಮೇಲೂ ಇದೇ ನಂಬರ್ ಇರ್ತದೆ. ಎರಡೂ ಕೂಡಿದ್ರೆ ಮಾತ್ರ ಇದು ಆ ಗಾಡಿ. ಇಲ್ಲಾಂದ್ರೆ ಬರೀ ಪೆಟ್ಟಿಗೆ. ಎಂಜಿನ್ ಸಿಕ್ರೆ ನಾ ಒಯ್ತೀನಿ, ಇಲ್ಲಾಂದ್ರೆ ಬ್ಯಾಡ."

"ಪರೀಕ್ಷಾ ಮುಗೀಲಿ, ಇವ ಹುಡುಕ್ತಾನ" ಎಂದಳು ಅವ್ವ, ನನ್ನ ಕಡೆ ನೋಡದೆ.

ಹೀಗೆ ನನ್ನ ಪಿಯುಸಿ ಪರೀಕ್ಷೆಯ ಜೊತೆ ಇನ್ನೊಂದು ಪೇಪರು ಬಂತು. ಎಂಜಿನ್ ಸಿಕ್ಕರೆ ಕಾರು ಹೋಗುತ್ತದೆ. ಸಿಗದಿದ್ದರೆ ಉಳಿಯುತ್ತದೆ. ಹುಡುಕುವವನು ನಾನೇ.

ಪರೀಕ್ಷೆ ಮುಗಿದ ಮರುದಿನ ಊರಿನ ಗೆಳೆಯ ಮೌಲಾ ಎಂಬವನ ಬೈಕಿನಲ್ಲಿ ಹೊರಟೆ. ಎಂಜಿನ್ ಇಳಿಸಿದ್ದು ಮೌಲಾನ ಅಜ್ಜ, ಮಸ್ಕಿಯಲ್ಲಿ ಫಿಟ್ಟರ್ ಆಗಿದ್ದವರು. ಬಿಸಿಲು ಎಂಥದೆಂದರೆ, ಹೆಲ್ಮೆಟ್ ಒಳಗೆ ಒಂದು ತತ್ತಿ ಇಟ್ಟಿದ್ದರೆ ಮಸ್ಕಿಯಲ್ಲಿ ಉಪ್ಪು ಹಾಕಿಕೊಂಡು ತಿನ್ನಬಹುದಿತ್ತು. ಮೌಲಾನ ಅಜ್ಜ ಹೊರಸಿನ ಮೇಲೆ ಮಲಗಿದ್ದರು.

"ದಾದಾ, ಆ ಜರ್ಮನ್ ಗಾಡಿ ಎಂಜಿನ್ ಎಲ್ಲಿ ಹೋತು?" ಎಂದು ಮೌಲಾ ಕಿವಿಯ ಹತ್ತಿರ ಕೂಗಿದ.

"ಚಿಲ್ಲಾವ್ ಮತ್. ಕಿವಿ ಕೇಳಸ್ತಾವ" ಎಂದು ಅವರು ಬೈದು, ನನ್ನ ಕಡೆ ತಿರುಗಿದರು. "ನಿಮ್ಮಜ್ಜ ಅದನ್ನ ಇಳಸೋ ಮುಂದ ಗೋಡಿ ಕಡಿ ಮುಖ ಮಾಡಿ ನಿಂತಿದ್ದ. ಜವಳಗೇರಾ ಹತ್ರ ಕ್ಯಾಂಪಿನ್ಯಾವ ಸತ್ಯಂ ಅಂತ, ನೀರು ಎತ್ತಾಕ ಒಯ್ದ. ನಿಮ್ಮಪ್ಪಗೂ ಹೇಳಿದ್ನಲ್ಲ ಇದನ್ನ?"

"ಅಪ್ಪ ಕೇಳಿದ್ನೇನ್ರಿ?"

"ಯಾವಾಗೋ ಬಂದು ಕೇಳಿದ್ದ. ನೀ ಆಗ ಸಣ್ಣಾವಿರಬೇಕು."

ಅಪ್ಪ ನಮಗೆ ಒಂದು ಮಾತು ಹೇಳಿರಲಿಲ್ಲ. ನಾವು ಸಿಂಧನೂರು ದಾಟಿ ಜವಳಗೇರಾ ಕಡೆ ಬೈಕ್ ಬಿಟ್ಟೆವು. ಮಸ್ಕಿ ಕಡೆಯ ಬರಿ ಕರಿ ನೆಲ ಹಿಂದೆ ಉಳಿದು, ಕಾಲುವೆ ಬಂದ ಕೂಡಲೇ ಎರಡೂ ಕಡೆ ಭತ್ತ, ಕಣ್ಣಿಗೆ ಹಸಿರು ಬಣ್ಣದ ಕನ್ನಡಕ ಹಾಕಿದಂತೆ. ತೆನೆ ಹಾಲು ತುಂಬುವ ಹೊತ್ತು. ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪಿಗೆ ತಿರುಗುವ ಮಣ್ಣುರಸ್ತೆಯಲ್ಲಿ ಮೌಲಾ ಬೈಕ್ ನಿಲ್ಲಿಸಿದ.

"ಕೇಳಿದ್ಯಾ?"

ಮೊದಲು ಸದ್ದು ಕೇಳಿತು, ಎಂಜಿನ್ ಆಮೇಲೆ ಕಂಡಿತು. ನಾನು ಹುಟ್ಟಿದಾಗಿನಿಂದ ನಮ್ಮ ಕಾರು ಡಗಡಗ ಎಂದಿತ್ತು. ಇದು ಹಾಗಲ್ಲ. ದೊಡ್ಡ ಪ್ರಾಣಿಯೊಂದು ಹೊಟ್ಟೆ ತುಂಬ ಉಂಡು, ನಿದ್ದೆಯಲ್ಲಿ, ಸಮಾಧಾನದಿಂದ ಉಸಿರಾಡುವಂತೆ.

ಕಾಲುವೆಯ ಕೊನೆಗೆ, ಬಸಿನೀರು ಕೂಡುವ ಹಳ್ಳದ ದಂಡೆಯಲ್ಲಿ, ತಗಡಿನ ಕೆಳಗೆ ಅದು ಇತ್ತು. ಸಿಮೆಂಟ್ ಕಟ್ಟೆಗೆ ಬೋಲ್ಟ್ ಹಾಕಿ ಕೂಡಿಸಿದ್ದರು. ರೇಡಿಯೇಟರ್ ಇದ್ದ ಜಾಗದಲ್ಲಿ ನೀರಿನ ಡ್ರಮ್ಮು. ಬೆಲ್ಟ್ ಹೋಗಿ ಪಂಪಿಗೆ. ಪೆಟ್ರೋಲಿನ ಬದಲು ಅಡಿಗೆಮನೆಯ ಕೆಂಪು ಸಿಲಿಂಡರ್. ಅದು ಬಿಸಿಲಿಗೂ ಹಿಮ ಹಿಡಿದು ಗ್ಯಾಸ್ ಕಟ್ಟಿಕೊಳ್ಳುತ್ತದೆಂದು ನೀರಿನ ತೊಟ್ಟಿಯೊಳಗೆ ಕೂಡಿಸಿದ್ದರು. ಎಂಜಿನ್ ಮೈಗೆಲ್ಲ ಅರಿಷಿಣ ಕುಂಕುಮ. ಒಂದು ಕಡೆ ಮಾತ್ರ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿದ್ದರು. ಅಲ್ಲಿ ನಂಬರ್ ಕೊರೆದಿತ್ತು. ಬಾಡಿಯ ಮೇಲಿದ್ದದ್ದೇ.

ಸುತ್ತಲೂ ಗ್ಯಾಸಿನ ವಾಸನೆ.

ಸತ್ಯಂ ಎಂಬುವವರು ಲುಂಗಿ ಮೇಲೆ ಕಟ್ಟಿ ಬದುವಿನಿಂದ ಬಂದರು. ಎತ್ತರದ ಮುದುಕ. ನಾನು ನಮ್ಮಪ್ಪನ ಹೆಸರು ಹೇಳಿದ್ದೇ ತಡ, ಮುಖ ಅರಳಿತು.

"ಮಾಸ್ಟಾರು ಮಗನಾ? ರಾ ಬಾಬೂ, ರಾ! ಮಾಸ್ಟಾರು ಯಾಕೆ ಬರ್ತಾ ಇಲ್ಲ? ಈ ಫಸಲಿಗೆ ಒಂದು ಸಲಾನೂ ಬಂದಿಲ್ಲ. ನನ್ ಮೇಲೆ ಏನಾರ ಕೋಪಾನಾ?"

ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. "ಅವರಿಗೆ ಟ್ರಾನ್ಸ್‌ಫರ್ ಆಗೈತ್ರಿ. ಭಾಳ ದೂರ. ರಜಾ ಕೊಡಂಗಿಲ್ಲ ಅಲ್ಲಿ."

ಮೌಲಾ ನನ್ನನ್ನು ನೋಡಿದ. ನಾನು ನಗುತ್ತಿದ್ದೆ. ಅವನು ನಗಲಿಲ್ಲ. "ತೀರಿಕೊಂಡಾರ್ರಿ ಕಾಕಾ," ಎಂದ. "ದಸರಾ ಆದ ಮ್ಯಾಲ."

ಸತ್ಯಂ ಹೋಗಿ ಸಿಲಿಂಡರಿನ ಕಿವಿ ತಿರುಗಿಸಿದರು. ಎಂಜಿನ್ ಒಂದೆರಡು ಉಸಿರು ಹಾಕಿ ನಿಂತಿತು. ಕಪ್ಪೆಗಳ ಸದ್ದು ಕೇಳತೊಡಗಿತು. ಅವರು ಬದುವಿನ ಮೇಲೆ ಕೂತು, ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

ಅಪ್ಪ ಭಾನುವಾರ ಬರುತ್ತಿದ್ದನಂತೆ. ಪ್ಲಗ್ ತೆಗೆದು ಒರೆಸಿ, ಆಯಿಲ್ ನೋಡಿ, ನಂಬರಿಗೆ ಗ್ರೀಸ್ ಹಚ್ಚಿ, ಎಂಜಿನ್ ಚಾಲೂ ಮಾಡಿ ಆ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದನಂತೆ. ಮಾತಿಲ್ಲ ಕಥೆಯಿಲ್ಲ.

"ನಾನೇ ಹೇಳ್ದೆ ಬಾಬೂ, ಇದು ನಿಮ್ಮನೇದು, ತಗೊಂಡ್ ಹೋಗಿ ಅಂತ. 'ಬ್ಯಾಡ ಸತ್ಯಂ, ಇಲ್ಲಿ ಓಡಾಕತ್ತೈತಿ, ಅಲ್ಲಿ ಒಯ್ದ್ರ ನಿಂದರ್ತೈತಿ' ಅಂದ್ರು. ಮನೇಲಿ ಹೇಳಿದೀರಾ ಅಂದ್ರೆ ನಗೋರು. 'ನನ್ನ ಮಗಗ ಗೊತ್ತಾದ್ರ ಸಂಜಿ ಒಳಗ ಲಿಂಗಸುಗೂರೆಲ್ಲ ಇಲ್ಲಿ ಬಂದು ನಿಂದರ್ತೈತಿ, ಆಮ್ಯಾಗ ಯಾರರ ಹೊತ್ಕೊಂಡ್ ಹೋಗ್ತಾರ' ಅನ್ನೋರು."

ಅಪ್ಪ ನನ್ನನ್ನು ಸರಿಯಾಗಿಯೇ ತಿಳಿದಿದ್ದ. ಅದಕ್ಕೂ ನನಗೆ ಏನೂ ಅನಿಸಲಿಲ್ಲ. ಫೋನ್ ತೆಗೆದು ನಂಬರಿನ ಫೋಟೋ ಹೊಡೆದುಕೊಂಡೆ. ಸತ್ಯಂ ಮನೆಯೊಳಗಿನಿಂದ ಪುಂಡಿಪಲ್ಯದ ಉಪ್ಪಿನಕಾಯಿಯ ಡಬ್ಬಿ ತಂದು, "ಮಾಸ್ಟಾರಿಗೆ ಅಂತ ಇಟ್ಟಿದ್ಲು ನಮ್ಮಾಕೆ" ಎಂದು ಕೈಗಿಟ್ಟರು.

ವಾಪಸ್ ಬರುವಾಗ ಮಸ್ಕಿ ದಾಟಿದ ಮೇಲೆ ಮೌಲಾ ಕೇಳಿದ, "ಮನ್ಯಾಗ ಏನಂತಿ? ಸಿಗಲಿಲ್ಲ ಅಂತೀಯಾ?"

"ಸುಳ್ಳು ಹೇಳೋದಿಲ್ಲಲೇ. ಖರೇನ ಹೇಳ್ತೀನಿ."

"ನೀನಾ?"

"ನಾನ. ನೋಡ್ತಿರು."

ಮನೆಯಲ್ಲಿ ಅವ್ವ, ಪಕ್ಕದ ಮನೆಯ ಚಿಕ್ಕವ್ವ, ಅವಳ ಇಬ್ಬರು ಸೊಸೆಯಂದಿರು ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಸಾಹೇಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಎಂಜಿನ್ ಸಿಕ್ಕೈತ್ರಿ ಸಾಹೇಬ್ರ. ಜವಳಗೇರಾದಾಗ ಒಕ್ಕಲುತನ ಮಾಡ್ಕೊಂಡು ಆರಾಮ ಐತಿ. ಭತ್ತಕ್ಕ ನೀರು ಹಾಯಸ್ತೈತಿ. ಪೆಟ್ರೋಲ್ ಬಿಟ್ಟೈತ್ರಿ, ಈಗ ಅಡಗಿ ಮಾಡೋ ಗ್ಯಾಸ್ ಮ್ಯಾಲ ಓಡ್ತೈತಿ. ಸಿಲಿಂಡರ್ ತೊಟ್ಟಿಯೊಳಗ ಕುಂತು ಜಳಕ ಮಾಡ್ತೈತಿ. ಹಣಿಗೆ ಕುಂಕುಮ ಹಚ್ಕೊಂಡೈತಿ, ತೆಲುಗೂ ಕಲ್ತೈತಿ."

ಚಿಕ್ಕವ್ವ ಶೇಂಗಾ ಚೆಲ್ಲುವಂತೆ ನಕ್ಕಳು. ಸೊಸೆಯಂದಿರು ಸೆರಗು ಬಾಯಿಗೆ ಹಿಡಿದರು. ಫೋನಿನೊಳಗೆ ಸಾಹೇಬರೂ ನಿಟ್ಟುಸಿರು ಬಿಟ್ಟು ನಕ್ಕರು. "ಅರೇ ಬೇಟಾ, ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅನ್ನು. ಇಷ್ಟು ತಕಲೀಫ್ ಯಾಕೆ ತಗೋತಿ?" ಎಂದು ಇಟ್ಟುಬಿಟ್ಟರು.

ಕಾರು ಉಳಿಯಿತು. ಒಂದು ಅಕ್ಷರ ಸುಳ್ಳು ಹೇಳಿರಲಿಲ್ಲ. ನಿಜವನ್ನು ಬಚ್ಚಿಡಲು ನನ್ನ ಬಾಯಿಗಿಂತ ಒಳ್ಳೆಯ ಜಾಗ ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ.

ಅವ್ವ ಮಾತ್ರ ನಗಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಅಡಿಗೆಮನೆಗೆ ಕರೆದಳು. ಕಟ್ಟೆಯ ಮೇಲೆ ನಾನು ತಂದ ಉಪ್ಪಿನಕಾಯಿ ಡಬ್ಬಿ ಮುಚ್ಚಳ ತೆಗೆದು ಇಟ್ಟಿದ್ದಳು.

"ಗ್ಯಾಸ್ ಮ್ಯಾಲ ಓಡ್ತೈತಿ ಅಂದ್ಯಲ್ಲ. ಖರೇನ?"

"ಚ್ಯಾಷ್ಟಿ ಮಾಡಿದ್ನಿ ಬೇ."

"ನನ್ನ ಮುಂದ ಚ್ಯಾಷ್ಟಿ ಬ್ಯಾಡ. ಖರೇನೋ ಅಲ್ಲೋ?"

ನಾನು ಫೋನ್ ತೆಗೆದು ಫೋಟೋ ತೋರಿಸಿದೆ. ತಗಡು, ಸಿಲಿಂಡರು, ನಂಬರು. ಅವಳು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು.

"ನಿಮ್ಮಪ್ಪ ಅಡಗಿಮನಿಗೆ ಕಾಲಿಟ್ಟಾವಲ್ಲ," ಎಂದಳು. "ಭಾನುವಾರ ಸಿಂಧನೂರಾಗ ಕೆಲಸ ಐತಿ, ಗಾಡಿ ಸಾಮಾನು ನೋಡ್ಬೇಕು ಅಂತ ಹೋಗ್ತಿದ್ದ. ಸಾಮಾನೇನೂ ತರ್ತಿದ್ದಿಲ್ಲ. ಬಂದ್ರ ಅಂಗಿ ಗ್ಯಾಸ್ ನಾತ ಹೊಡೀತಿತ್ತು. ಕೈಯಾಗ ಯಾರೋ ಮನ್ಯಾಗ ಮಾಡಿದ ಉಪ್ಪಿನಕಾಯಿ. ಯಾರ ಒಲಿ ಮುಂದ ಕುಂತು ಬರ್ತಾನ ಇವ ಅಂತ... ಇಷ್ಟು ವರ್ಷ, ಕೇಳಲಿಲ್ಲ ನಾನು. ಕೇಳಿದ್ರ ಹೌದು ಅಂದಗಿಂದಾನು ಅಂತ ಕೇಳಲಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದೆ. ಬಾಯಿಗೆ ಏನೂ ಬರಲಿಲ್ಲ. ನನಗೆ ನೆನಪಿರುವಂತೆ ಹಾಗೆ ಆದದ್ದು ಅದೇ ಮೊದಲು.

ಫೋನನ್ನು ಅವಳೇ ಇಸಕೊಂಡು ಸಾಹೇಬರಿಗೆ ಫೋಟೋ ಕಳಿಸಿದಳು. ಅವ್ವನ ಮಾತಿಗೆ ನಂಬಿಕೆ ಜಾಸ್ತಿ. ಅವರು ಎರಡು ದಿನದೊಳಗೆ ಜವಳಗೇರಾಕ್ಕೇ ಬಂದಿಳಿದರು. ಬಿಳಿ ಕುರ್ತಾದಲ್ಲಿ ಕೆಸರಿಗೆ ಮೊಣಕಾಲೂರಿ ನಂಬರ್ ಓದಿ, "ಯಾ ಅಲ್ಲಾ, ಇದನ್ನ ಜೀವಂತ ಇಟ್ಟೀರಲ್ಲ" ಎಂದು ಸತ್ಯಂ ಅವರ ಕೆಸರುಗೈಯನ್ನೇ ಕಣ್ಣಿಗೊತ್ತಿಕೊಂಡರು. ಅವ್ವ ಫೋನಿನಲ್ಲೇ ಷರತ್ತು ಹಾಕಿದಳು: ಸತ್ಯಂ ಅವರಿಗೆ ಹೊಸ ಪಂಪ್‌ಸೆಟ್ ಬರಬೇಕು, ಮತ್ತು ಈ ಫಸಲಿನ ಕಡೇ ನೀರು ಇದೇ ಎಂಜಿನ್ ಹಾಯಿಸಬೇಕು. ಆಮೇಲೆ ಒಯ್ಯಿರಿ. ಸಾಹೇಬರು ಒಪ್ಪಿದರು.

"ಯಾಕ ಕೊಡ್ತಿ ಬೇ?" ಎಂದು ಕೇಳಿದೆ. "ಈಗ ನಿನಗ ಸಿಟ್ಟಿಲ್ಲಲ್ಲ ಅದರ ಮ್ಯಾಲ."

"ಸಿಟ್ಟಿಲ್ಲ, ಅದಕ್ಕ ಕೊಡಾಕತ್ತೀನಿ. ಎರಡೂ ಕೂಡ್ಸಾಕ ನಿಮ್ಮಜ್ಜಗ ಆಗಲಿಲ್ಲ, ನಿಮ್ಮಪ್ಪಗ ಮನಸಾಗಲಿಲ್ಲ. ಕೂಡ್ಸೋರು ಕೂಡಿಸ್ಲಿ. ಓಡೋದು ಓಡ್ಲಿ."

ಕಡೇ ನೀರಿನ ದಿನ ಅವ್ವ ನನ್ನನ್ನು ಕರೆದುಕೊಂಡು ಬ್ಯಾಗಿನಲ್ಲಿ ಶೇಂಗಾ ಹೋಳಿಗೆ ಇಟ್ಟುಕೊಂಡು ಬಸ್ ಹತ್ತಿದಳು. ಸತ್ಯಂ ಅವರ ಹೆಂಡತಿ ಅವಳ ಎರಡೂ ಕೈ ಹಿಡಿದು ತೆಲುಗಿನಲ್ಲಿ ಏನೇನೋ ಹೇಳಿದಳು. ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ತಿಳಿದಂತಿತ್ತು. ಆಮೇಲೆ ಸತ್ಯಂ ಎಂಜಿನ್ ಚಾಲೂ ಮಾಡಿದರು.

"ಎಲ್ಲಿ ಕುಂದರ್ತಿದ್ರು?" ಎಂದು ಅವ್ವ ಕೇಳಿದಳು. ಅವರು ಕಲ್ಲು ತೋರಿಸಿದರು.

"ಎಷ್ಟೊತ್ತು?"

"ನೀರು ಕಡೇ ಮಡಿ ಮುಟ್ಟೋ ತನಕ ಅಮ್ಮಾ. ಆಮೇಲೆ ತಾವೇ ಎದ್ದು ಆಫ್ ಮಾಡೋರು."

ಅವ್ವ ಸೀರೆಯ ನೆರಿಗೆ ಎತ್ತಿಕೊಂಡು ಆ ಕಲ್ಲಿನ ಮೇಲೆ ಕೂತಳು. ಎಂಜಿನ್ನಿನ ಕಡೆ ನೋಡಲಿಲ್ಲ. ಗದ್ದೆಯ ಕಡೆ ಮುಖ ಮಾಡಿ ಕೂತು ಕೇಳತೊಡಗಿದಳು.

"ಬಾಬೂ, ನೀನು ಆ ಕೊನೆಗೆ ಹೋಗು," ಎಂದರು ಸತ್ಯಂ. "ನೀರು ಬಂದ ಕೂಡ್ಲೇ ಒಂದು ಕೂಗು ಹಾಕು. ನಿನ್ನ ಗಂಟಲು ಚೆನ್ನಾಗೈತಿ ಅಂತ ಮಾಸ್ಟಾರು ಹೇಳ್ತಿದ್ರು."

ನಾನು ಬದುವಿನ ಮೇಲೆ ನಡೆಯುತ್ತ ಹೋದೆ. ಎರಡೂ ಕಡೆ ತೆನೆ ಬಾಗಿತ್ತು. ಕಡೇ ಮಡಿಯ ನೆಲ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಅಲ್ಲಿಗೂ ಆ ಸದ್ದು ಕೇಳುತ್ತಿತ್ತು, ತೆಳ್ಳಗೆ, ಒಂದೇ ಸಮ. ಅವ್ವ ದೂರದಲ್ಲಿ ಹಸಿರಿನ ನಡುವೆ ಒಂದು ಚುಕ್ಕೆಯಂತೆ ಕಾಣುತ್ತಿದ್ದಳು. ನನಗೆ ಬಿಸಿಲು ಗೊತ್ತಾಯಿತು. ಕಾಲಿನ ಕೆಳಗೆ ಬದುವಿನ ಮಣ್ಣು ಸುಡುತ್ತಿರುವುದೂ ಗೊತ್ತಾಯಿತು.

ನೀರು ಬಂತು. ಮೊದಲು ಒಂದು ಬಿರುಕಿಗೆ ಇಳಿದು ಗುಳು ಗುಳು ಎಂದಿತು. ಆಮೇಲೆ ಪಕ್ಕದ್ದಕ್ಕೆ. ಭತ್ತದ ಬುಡಗಳು ಒಂದೊಂದಾಗಿ ಕಪ್ಪಾದವು. ನೀರು ಮಡಿಯ ಆಚೆ ಮೂಲೆಯನ್ನು ಮುಟ್ಟಿ, ತುಂಬಿ, ನನ್ನ ಪಾದಕ್ಕೂ ಬಂತು. ತಣ್ಣಗಿತ್ತು.

ಸತ್ಯಂ ಎದ್ದು ನಿಂತು, ಹಣೆಗೆ ಕೈ ಹಿಡಿದು ನನ್ನ ಕಡೆ ನೋಡಿದರು. ಕೂಗಬೇಕಿತ್ತು.

ಕೂಗಿದರೆ ಅವ್ವ ಎದ್ದು ಆಫ್ ಮಾಡುತ್ತಾಳೆ.

ನಾನು ನೀರಿನಲ್ಲಿ ನಿಂತುಕೊಂಡು, ಇನ್ನೂ ಬಂದಿಲ್ಲ ಎಂದು ಕೈ ಆಡಿಸಿದೆ.